ಒಂಬತ್ತನೇ ನಂಬರಿನ ಕುರ್ಚಿ

“ಯಾವ ಮುಂಡೆ ಹೇಳಿದ್ದು ನಿಂಗೆ ಇದನ್ನ ರಿಪೇರಿ ಮಾಡ್ಸು ಅಂತ? ಹಾಂ? ಕೈ ಸುಮ್ನೆ ಇರಲ್ವಾ ನಿಂದು? ಕಡಿದು ಆ ಬಕೆಟ್‌ಗೇ ಹಾಕ್ಬಿಡ್ತೀನಿ!”

ನನ್ನ ಮೇಲೆ ಹೀಗೆ ಹರಿಹಾಯ್ದು ಪ್ರಿನ್ಸಿಪಾಲರು ಗುಮಾಸ್ತನಿಗೆ ಕಣ್ಸನ್ನೆ ಮಾಡಿದರು. ಗುಮಾಸ್ತ ಕುರ್ಚಿಯನ್ನೆತ್ತಿ ವೇದಿಕೆಯ ಹಲಗೆಯ ಮೇಲೆ ಕುಕ್ಕಿದ. ಸದ್ದಿಲ್ಲ. ಇನ್ನೊಮ್ಮೆ ಕುಕ್ಕಿದ. ಸದ್ದಿಲ್ಲ. ಪ್ರಿನ್ಸಿಪಾಲರೇ ಕೂತು, ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿ ನೋಡಿದರು. ಕುರ್ಚಿ ಕಲ್ಲಿನ ಹಾಗೆ ಕೂತಿತ್ತು.

ನಾನು ನೆಲದ ಮೇಲೆ ಮೊಣಕಾಲೂರಿ, ಒರೆಸುವ ಬಟ್ಟೆ ಹಿಡಿದುಕೊಂಡೇ ಇದ್ದೆ. ನಿಜ ಹೇಳಬೇಕೆಂದರೆ, ಅವರು ಬಂದು ಶಹಬ್ಬಾಸ್ ಎನ್ನುತ್ತಾರೆ ಅಂದುಕೊಂಡಿದ್ದೆ.

“ಕಿರುಗುಟ್ತಿತ್ತು ಸಾರ್. ಪಾಪ ಒಂಬತ್ತನೇ ನಂಬರಿನ ಹುಡುಗ ನಾಳೆ ನುಡಿಸೋ ಹೊತ್ತಿಗೆ ಕೀಂಯ್ ಅಂದ್ರೆ ಚೆನ್ನಾಗಿರಲ್ಲ ಅಂತ, ರಿಪೇರಿ ತಾತನ ಕೈಲಿ ಬೆಣೆ ಹೊಡೆಸ್ದೆ.”

“ಕಿರುಗುಟ್ಲಿ! ನಿಮ್ಮಪ್ಪನ ಗಂಟೇನೇ ಹೋಗೋದು? ಸಂಜೆ ಒಳಗೆ ಇದು ಮೊದಲಿನ ಥರ ಕೂಗ್ಬೇಕು. ಇಲ್ಲ ಅಂದ್ರೆ ನೀನೂ ಬೇಡ, ನಿನ್ನ ಪೊರಕೆನೂ ಬೇಡ. ಮೆಟ್ಟಿಲ ಕೆಳಗೆ ಕೂತು ತಂತಿ ಕೊಯ್ತಾಳಲ್ಲ ನಿನ್ನ ಮಗಳು, ಅವಳೂ ಬೇಡ.”

ಈ ಸಂಗೀತ ಕಾಲೇಜಿನಲ್ಲಿ ಹದಿನಾಲ್ಕು ವರ್ಷದಿಂದ ನೆಲ ಒರೆಸುತ್ತಿದ್ದೇನೆ. ಒಡೆದಿದ್ದಕ್ಕೆ ಬೈಸಿಕೊಂಡಿದ್ದೇನೆ, ಒಡೆಯದಿದ್ದಕ್ಕೂ ಬೈಸಿಕೊಂಡಿದ್ದೇನೆ. ಸರಿ ಮಾಡಿಸಿದ್ದಕ್ಕೆ ಬೈಗುಳ ತಿಂದದ್ದು ಅದೇ ಮೊದಲು.

ಅದು ಹಳೆಯ ಮರದ ಕುರ್ಚಿ. ಹಿಂದಿನ ಎಡಗಾಲು ಸಡಿಲ. ಇಟ್ಟರೂ ಕೀಂಯ್, ಕೂತರೂ ಕೀಂಯ್, ಎತ್ತಿಕೊಂಡು ಅಲುಗಾಡಿಸಿದರೂ ಕೀಂಯ್. ಗುಜರಿಗೆ ಹಾಕಿ ಎಂದು ನಾನೇ ಎಷ್ಟೋ ಸಲ ಹೇಳಿದ್ದೆ. ಮರುದಿನ ಸ್ಪರ್ಧೆ. ಹನ್ನೆರಡು ಜನ ಚೆಲ್ಲೋ ನುಡಿಸುವವರು. ಚೆಲ್ಲೋ ಅಂದರೆ ಪಿಟೀಲಿನ ದೊಡ್ಡಣ್ಣ, ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕೂತೇ ನುಡಿಸಬೇಕು, ಹಾಗಾಗಿ ಕುರ್ಚಿ ಬೇಕೇ ಬೇಕು. ಹನ್ನೊಂದು ಜನಕ್ಕೆ ಮೆತ್ತೆಯ ಕರಿ ಕುರ್ಚಿ ಹಾಕು, ಒಂಬತ್ತನೇ ನಂಬರಿಗೆ ಮಾತ್ರ ಈ ಮರದ್ದು, ಅವನಿಗೆ ಬೆನ್ನುನೋವು ಎಂದು ಪ್ರಿನ್ಸಿಪಾಲರು ಅಪ್ಪಣೆ ಮಾಡಿದ್ದರು. ಒಂಬತ್ತನೆಯವನು ಈ ಸಭಾಂಗಣ ಕಟ್ಟಿಸಿಕೊಟ್ಟ ಮನೆಯವರ ಮಗ. ಹುಡುಗರು ಅವನನ್ನು ಬೆಣ್ಣೆ ಅನ್ನುತ್ತಾರೆ. ಕೆಟ್ಟವನಲ್ಲ, ಎದುರು ಸಿಕ್ಕರೆ ಒದ್ದೆ ನೆಲ ತುಳಿಯದೆ ಸುತ್ತಿ ಹೋಗುವವನು ಅವನೊಬ್ಬನೇ.

ಕುರ್ಚಿಯನ್ನು ತಲೆಯ ಮೇಲೆ ಹೊತ್ತುಕೊಂಡು ಹಿತ್ತಲಿಗೆ ಹೋದೆ. ಅಲ್ಲಿ ವಾದ್ಯ ರಿಪೇರಿ ಮಾಡುವ ತಾತ ಮರ ಅಂಟಿಸುವ ಸರೇಸು ಕಾಯಿಸುತ್ತಿದ್ದ.

“ತಾತ, ಬೆಣೆ ಕಿತ್ತು ಹಾಕ್ಬೇಕಂತೆ. ಕೂಗ್ಬೇಕಂತೆ ಇದು.”

ತಾತ ನನ್ನನ್ನು ನೋಡಿದ, ಕುರ್ಚಿಯನ್ನು ನೋಡಿದ, ಆಮೇಲೆ ಕೆಮ್ಮು ಬರುವಷ್ಟು ನಕ್ಕ.

“ನಾಳೆ ಪರದೆ ಕಟ್ತಾರಲ್ಲ, ಯಾಕಮ್ಮಾ ಕಟ್ತಾರೆ?”

“ಯಾರು ನುಡಿಸ್ತಿದ್ದಾರೆ ಅಂತ ತೀರ್ಪುಗಾರರಿಗೆ ಗೊತ್ತಾಗ್ಬಾರದು ಅಂತ.”

“ಹೂಂ. ಕಣ್ಣಿಗೆ ಕಾಣಲ್ಲ. ಕಿವಿ? ನಂಬರು ಬಾಯಿಬಿಟ್ಟು ಹೇಳಿದ್ರೆ ಸಿಕ್ಕಿಬೀಳ್ತಾರೆ, ಕುರ್ಚಿ ಕೂಗಿದ್ರೆ ಯಾರ ಮೇಲೂ ಬರಲ್ಲ.”

ನಾನು ಅಲ್ಲೇ ಮರದ ಹೊಟ್ಟಿನ ಮೇಲೆ ಕುಸಿದು ಕೂತೆ. ಆ ಕರಿ ಪರದೆಯನ್ನು ಒಗೆದವಳು ನಾನು. ಬೆಳಕು ಕೂಡ ನುಸುಳಬಾರದು ಎಂದು ಹರಿದ ಕಡೆಯೆಲ್ಲ ಹೊಲಿದವಳೂ ನಾನೇ. ಗಂಡೋ ಹೆಣ್ಣೋ, ಬೂಟೋ ಚಪ್ಪಲಿಯೋ ಹೆಜ್ಜೆಯಿಂದ ಗೊತ್ತಾಗಬಾರದು ಎಂದು ಅವರು ನಡೆದು ಬರುವ ದಾರಿಗೆ ಜಮಖಾನ ಹಾಸಿದ್ದೆ. ‘ಪರದೆಯ ಹಿಂದೆ ಯಾರೂ ಮಾತಾಡಕೂಡದು’ ಎಂದು ಪ್ರಿನ್ಸಿಪಾಲರು ಬರೆಸಿದ ಬೋರ್ಡಿನ ಧೂಳು ಒರೆಸಿದ್ದೆ. ಇಷ್ಟೆಲ್ಲ ಮಾಡಿ, ಕಳ್ಳನಿಗೆ ಏಣಿಯನ್ನೂ ನನ್ನ ಕೈಯಲ್ಲೇ ಇಡಿಸುತ್ತಿದ್ದರು.

“ಒಂದು ಕೆಲಸ ಮಾಡು,” ತಾತ ಬೆಣೆ ಕೀಳುತ್ತಾ ದನಿ ತಗ್ಗಿಸಿದ. “ಒಂಬತ್ತಕ್ಕೆ ಹಾಕೋ ಬದ್ಲು ಏಳಕ್ಕೆ ಹಾಕು. ಯಾರಿಗೆ ಗೊತ್ತಾಗುತ್ತೆ?”

ಏಳನೇ ನಂಬರು ನನ್ನ ಮಗಳದು.

ಗೆಲ್ಲುವವರು ಒಬ್ಬರೇ. ಆ ಒಬ್ಬರಿಗೆ ದೊಡ್ಡ ವಾದ್ಯಮೇಳದ ಜೊತೆ ಎರಡು ವರ್ಷ ತರಬೇತಿ, ಊಟ, ವಸತಿ, ಸ್ವಂತಕ್ಕೊಂದು ಚೆಲ್ಲೋ. ಮಗಳಿಗೆ ಕಾಲೇಜಿನಲ್ಲಿ ಇದು ಕೊನೆಯ ವರ್ಷ. ಅವಳು ನುಡಿಸುವುದು ಕಾಲೇಜು ಗುಜರಿಗೆ ಎಸೆದು, ತಾತ ಹೊಟ್ಟೆಗೆ ಪಟ್ಟಿ ಹಾಕಿ ಬದುಕಿಸಿದ ಚೆಲ್ಲೋ. ತಿಂಗಳು ಕಳೆದರೆ ಅದನ್ನೂ ವಾಪಸ್ ಕೊಡಬೇಕು. ಆಮೇಲೆ ಅವಳ ಕೈಗೆ ಬರುವುದು ನನ್ನ ಪೊರಕೆಯೇ.

ಸ್ಪರ್ಧೆಯ ಅರ್ಜಿ ಕೊಡಲು ಹೋದ ದಿನ ಗುಮಾಸ್ತ ಅದನ್ನು ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಓದಿದ್ದ.

“ತಾಯಿಯ ಕಸುಬು, ನೆಲ ಒರೆಸೋದು! ನೋಡ್ರಪ್ಪೋ, ಸಂಗೀತದ ಮನೆತನ!”

ಸಾಲೆಲ್ಲ ನಕ್ಕಿತು. ಮಗಳೂ ನಕ್ಕಳು.

“ಹೂಂ ಸಾರ್. ನೀವು ಎಲೆಅಡಿಕೆ ಉಗಿದ ಗೋಡೆನೂ ನಮ್ಮಮ್ಮನೇ ಒರೆಸೋದು. ಅದನ್ನೂ ಬರ್ಕೊಳ್ಳಿ.”

ಗುಮಾಸ್ತ ನಂಬರಿನ ಚೀಟಿಯನ್ನು ಕೈಗೆ ಕೊಡದೆ ನೆಲಕ್ಕೆ ಎಸೆದ. ಅವಳು ಬಗ್ಗಿ ಎತ್ತಿಕೊಂಡಳು. ನಾನು ಕಂಬದ ಹಿಂದೆ ಬಕೆಟ್ ಹಿಡಿದು ನಿಂತಿದ್ದೆ, ಮುಂದೆ ಬರಲಿಲ್ಲ.

ಅಭ್ಯಾಸದ ಕೋಣೆಗಳ ಪಟ್ಟಿಯಲ್ಲಿ ಅವಳ ಹೆಸರು ಯಾವತ್ತೂ ಕೆಳಗೇ. ಅವಳ ಸರದಿ ಬರುವ ಹೊತ್ತಿಗೆ ಬೀಗ ಬೀಳುತ್ತಿತ್ತು. ಹಾಗಾಗಿ ಮೆಟ್ಟಿಲ ಕೆಳಗೆ ಪೊರಕೆ, ಬಟ್ಟೆ, ಫಿನಾಯಿಲ್ ಇಡುವ ಗೂಡಿನಲ್ಲೇ ಕಲಿತಳು. ಅಲ್ಲಿ ಕುರ್ಚಿ ಹಿಡಿಸುವುದಿಲ್ಲ. ನನ್ನ ಉದ್ದನೆಯ ಕಬ್ಬಿಣದ ಬಕೆಟ್ಟನ್ನು ಬೋರಲು ಹಾಕಿ, ಚೆಲ್ಲೋದ ತಳದಲ್ಲಿರುವ ಊರುಮೊಳೆ ಜಾರದಂತೆ ಕೆಳಗೆ ನೆಲದ ಬಟ್ಟೆ ಮಡಚಿಟ್ಟು ಕೂರುತ್ತಿದ್ದಳು. ನನಗೆ ಬಕೆಟ್ ಬೇಕಾದಾಗ ಬಾಗಿಲಲ್ಲಿ ನಿಲ್ಲುತ್ತಿದ್ದೆ.

“ಬಕೆಟ್ ಬೇಕೇನಮ್ಮಾ?”

“ಪುಟ ಮುಗಿಸು ಮಗಳೇ. ನೆಲ ಎಲ್ಲಿಗೂ ಓಡಿಹೋಗಲ್ಲ.”

ಹಾಗಾಗಿ ತಾತ ಹೇಳಿದ್ದು ಕೇಳಿ ನನಗೆ ಆಸೆಯಾಯಿತು. ಸುಳ್ಳು ಯಾಕೆ ಹೇಳಲಿ? ಬಾಯಲ್ಲಿ ನೀರೂರುವಷ್ಟು ಆಸೆಯಾಯಿತು. ಮಗಳಿಗೆ ಹೇಳಿದೆ. ಅವಳು ಚೆಲ್ಲೋದ ಬಿಲ್ಲಿಗೆ ರಾಳ ತಿಕ್ಕುತ್ತಿದ್ದವಳು ತಲೆಯನ್ನೂ ಎತ್ತಲಿಲ್ಲ.

“ಬೇಡಮ್ಮ. ನಾನು ನುಡಿಸಿದ್ದು ಕೇಳಿ ಕೊಡೋದಾದ್ರೆ ಕೊಡ್ಲಿ. ಕುರ್ಚಿ ನುಡಿದದ್ದು ಕೇಳಿ ಬೇಡ.”

“ಹಂಗಾದ್ರೆ ಅವನಿಗೇ ಹೋಗ್ಲಿ ಅಂತೀಯಾ? ನನ್ನ ಕೈಯಾರೆ ನಾನೇ ಹಾಕ್ಬೇಕಾ?”

“ಕುರ್ಚಿ ಹಾಕೋದು ನಿನ್ನ ಕೆಲಸ. ನೀನೇ ಯೋಚ್ನೆ ಮಾಡು.”

ಯೋಚನೆ ಮಾಡಿದೆ.

ಬೆಳಗ್ಗೆ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಬೆಣ್ಣೆಯ ಮನೆಯವರು, ಪಕ್ಕದಲ್ಲಿ ಪ್ರಿನ್ಸಿಪಾಲರು, ನಡುವೆ ಮೇಜು ಹಾಕಿಕೊಂಡು ಮೂವರು ತೀರ್ಪುಗಾರರು. ಪರದೆಯ ಹಿಂದೆ ನಾನು. ಗುಮಾಸ್ತ ಪಕ್ಕದಿಂದ ಮೈಕಿನಲ್ಲಿ ಕೂಗಿದ, “ಒಂದನೇ ನಂಬರ್.”

ನಾನು ಮರದ ಕುರ್ಚಿಯನ್ನೇ ಎತ್ತಿ ತಂದು ನಡುಮಧ್ಯೆ ಇಟ್ಟೆ.

ಕೀಂಯ್.

ಆಚೆ ಕಡೆ ಪೆನ್ನುಗಳು ಗೀಚುವ ಸದ್ದು ಕೇಳಿತು. ಒಂದನೇ ನಂಬರಿನ ಹುಡುಗಿ ನುಡಿಸಿ ಎದ್ದಳು. ಎರಡನೆಯವನು ಬಂದ. ಕೀಂಯ್. ಆಚೆ ಯಾರೋ ಗಂಟಲು ಸರಿಮಾಡಿಕೊಂಡರು. ಮೂರನೆಯವನು ದಪ್ಪ ಹುಡುಗ, ಅವನು ಕೂತಾಗ ಕುರ್ಚಿ ಕೂಗಿದ್ದಲ್ಲ, ಅತ್ತೇಬಿಟ್ಟಿತು. ಆಚೆ ಪಿಸುಪಿಸು ಶುರುವಾಯಿತು. ಅವನು ಮುಗಿಸಿದ್ದೇ ತಡ ತೀರ್ಪುಗಾರರಿಗೆ ಟೀ ಎಂದು ಹೇಳಿ ಪ್ರಿನ್ಸಿಪಾಲರು ಪರದೆಯ ಹಿಂದಕ್ಕೆ ನುಗ್ಗಿದರು.

“ಏಯ್ ಬೇವರ್ಸಿ! ಒಂಬತ್ತಕ್ಕೆ ಅಂತ ಬಡ್ಕೊಂಡಿರ್ಲಿಲ್ವೇನೇ ನಾನು?”

“ಬೆನ್ನು ಎಲ್ಲರಿಗೂ ಇದೆ ಸಾರ್.”

ಕೈ ಎತ್ತಿದರು. ಬಾಗಿಲಲ್ಲಿ ಸ್ಪರ್ಧೆಯ ಹುಡುಗರೆಲ್ಲ ಗುಂಪುಗೂಡಿದ್ದು ಕಂಡು ಎತ್ತಿದ ಕೈಯಲ್ಲಿ ಬೋಳುತಲೆ ಸವರಿಕೊಂಡರು. ಆಮೇಲೆ ಗುಮಾಸ್ತನ ಕಡೆ ತಿರುಗಿದರು. ಸಿಟ್ಟಿನಲ್ಲಿ ದನಿ ತಗ್ಗಿಸುವುದು ಮರೆತಿತ್ತು.

“ಹೋಗಿ ಆ ಮೂವರ ಕಿವೀಲಿ ಹೇಳು. ಇಲ್ಲೀತನಕ ಕೇಳಿದ್ದು ಲೆಕ್ಕಕ್ಕಿಲ್ಲ. ಇನ್ಮೇಲೆ ಕೀಂಯ್ ಅಂತ ಒಂದೇ ಒಂದು ಸಲ ಕೇಳುತ್ತೆ. ಅದೇ ನಮ್ಮದು. ಆಮೇಲೆ ಏಳನೇ ನಂಬರ್ ಹೊಡೆದು ಹಾಕು, ಗೈರುಹಾಜರು ಅಂತ ಬರಿ.” ನನ್ನ ಕಡೆ ಬೆರಳು ಚಾಚಿದರು. “ನಿನ್ನ ಋಣ ಇವತ್ತಿಗೆ ತೀರ್ತು. ಸಂಜೆ ಗೇಟಿನ ಆಚೆ ಇರ್ಬೇಕು ತಾಯಿ ಮಗಳು ಇಬ್ರೂ.”

ಗೈರುಹಾಜರಾದವಳು ಚೆಲ್ಲೋ ತಬ್ಬಿಕೊಂಡು ಅವರಿಂದ ಮೂರು ಮಾರು ದೂರದಲ್ಲಿ ನಿಂತಿದ್ದಳು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೆಣ್ಣೆಯೂ ಅವರೊಳಗಿದ್ದ. ಅವನ ಮುಖ ಕೆಂಪಾಗಿ, ಆಮೇಲೆ ಬಿಳಿಚಿತು.

ಗುಮಾಸ್ತ ಹೋಗಿ ಹೇಳಿ ಬಂದ. ಪ್ರಿನ್ಸಿಪಾಲರು ಮರದ ಕುರ್ಚಿಯನ್ನು ವೇದಿಕೆಯ ಮೂಲೆಗೆ ಇಡಿಸಿಕೊಂಡು, ಅದರ ಬೆನ್ನಿನ ಮೇಲೆ ಕೈಯಿಟ್ಟು ಕಾವಲು ನಿಂತರು. ನಾಲ್ಕು, ಐದು, ಆರು ನಂಬರಿನವರಿಗೆ ನಾನು ಕರಿ ಕುರ್ಚಿ ಹಾಕಿದೆ. ತೆಪ್ಪಗೆ ಕೆಲಸ ಮಾಡಿದೆ. ಆರನೆಯವನು ಎದ್ದು ಹೋದೊಡನೆ ಗುಮಾಸ್ತ ಕರಿ ಕುರ್ಚಿಯನ್ನು ತನ್ನ ಕಡೆ ಎಳೆದುಕೊಂಡು, ಕಾಲ ಮೇಲೆ ಕಾಲು ಹಾಕಿ ಅದರ ಮೇಲೆ ಕೂತುಬಿಟ್ಟ. ಮೈಕು ತೆಗೆದುಕೊಂಡ.

“ಏಳನೇ ನಂಬರ್... ಗೈರುಹಾಜರು.”

ನಾನು ಮೂಲೆಯ ಕಡೆ ನಡೆದೆ. ಮರದ ಕುರ್ಚಿ ಕಿತ್ತುಕೊಳ್ಳಲು ಬರುತ್ತಿದ್ದಾಳೆ ಎಂದು ತಿಳಿದು ಪ್ರಿನ್ಸಿಪಾಲರು ಗಬಕ್ಕನೆ ಅದನ್ನೆತ್ತಿ ಎದೆಗೆ ಅವುಚಿಕೊಂಡರು. ಅವರು ಎತ್ತಿದ ಬೀಸಿಗೆ ಅದು ಒಮ್ಮೆ ಕೂಗಿತು. ಗೈರುಹಾಜರು ಎಂದದ್ದಕ್ಕೆ ಸಭೆಯಲ್ಲಿ ಎದ್ದ ಗಲಾಟೆಯಲ್ಲಿ ಆಚೆ ಯಾರಿಗೂ ಕೇಳಿಸಿದಂತಿರಲಿಲ್ಲ. ನಾನು ಬಂದದ್ದು ಕುರ್ಚಿಗಲ್ಲ. ಅದರ ಹಿಂದೆ ನನ್ನ ಬಕೆಟ್ ಇತ್ತು.

ಅದರಲ್ಲಿ ಅರ್ಧ ನೀರಿತ್ತು. ಹದಿನಾಲ್ಕು ವರ್ಷ ಒರೆಸಿದ ನೆಲದ ಮೇಲೇ ಸುರಿದೆ. ಕೊಳೆನೀರು ನಿಧಾನಕ್ಕೆ ಹರಿದು ಪ್ರಿನ್ಸಿಪಾಲರ ಬೂಟುಗಳನ್ನು ಸುತ್ತಿಕೊಂಡಿತು. ಖಾಲಿ ಬಕೆಟ್ಟನ್ನು ವೇದಿಕೆಯ ನಡುಮಧ್ಯೆ ತಂದು ಬೋರಲು ಕುಕ್ಕಿದೆ.

ಢಣ್!

ಸಭಾಂಗಣ ಗಪ್‌ಚಿಪ್ಪಾಯಿತು. ಮಾತಾಡಕೂಡದು ಎಂದು ಬೋರ್ಡಿನಲ್ಲಿ ಬರೆದಿತ್ತು, ಮಗಳು ಮಾತಾಡಲಿಲ್ಲ. ಹಾಜರಿ ಹಾಕಿದ್ದು ಬಕೆಟ್ಟು. ನಾನು ನೆಲದ ಬಟ್ಟೆ ಹಿಂಡಿ, ಮಡಚಿ ಚೆಲ್ಲೋದ ಮೊಳೆಯ ಕೆಳಗಿಟ್ಟೆ. ಅವಳು ಬಕೆಟ್ಟಿನ ಮೇಲೆ ಕೂತಳು, ನಮ್ಮ ಮೆಟ್ಟಿಲ ಕೆಳಗೆ ಕೂತ ಹಾಗೆಯೇ. ಹಾಳೆಗಳನ್ನು ಸ್ಟ್ಯಾಂಡಿನ ಮೇಲೆ ಹರಡಿ, ಬಿಲ್ಲು ಎಳೆದಳು.

ಮೊದಲ ಸ್ವರ ಎಷ್ಟು ಕೆಳಗಿನಿಂದ ಬಂತೆಂದರೆ ಹಲಗೆಯ ಮೂಲಕ ನನ್ನ ಬರಿಗಾಲಿಗೆ ಮುಟ್ಟಿತು.

ಗುಮಾಸ್ತ ಎದ್ದು ನಿಂತ. ಮೈಕಿನ ಹತ್ತಿರ ಬಾಯಿ ತೆರೆದ. ಸಭೆಯೇ ಉಸಿರು ಹಿಡಿದಿತ್ತು, ಬಾಯಿ ಮುಚ್ಚಿಕೊಂಡ. ಅವನು ಪ್ರಿನ್ಸಿಪಾಲರ ಕಡೆ ನೋಡಿದ. ನಾನೂ ನೋಡಿದೆ. ಆಗಲೇ ನನಗೆ ಹೊಳೆದದ್ದು.

ಅವರು ಕುರ್ಚಿಯನ್ನು ಅವುಚಿಕೊಂಡೇ ನಿಂತಿದ್ದರು. ಕೆಳಗಿಡುವ ಹಾಗಿಲ್ಲ. ಇಟ್ಟರೆ ಕೂಗುತ್ತದೆ. ಇನ್ನು ಒಂದೇ ಸಲ ಕೇಳುತ್ತದೆ, ಅದೇ ನಮ್ಮದು ಎಂದು ಅವರೇ ಹೇಳಿ ಕಳಿಸಿದ್ದಾರೆ. ಈಗ ನುಡಿಸುತ್ತಿರುವುದು ಏಳನೇ ನಂಬರು.

ಗುಮಾಸ್ತ ಬೆರಳತುದಿಯಲ್ಲಿ ನಡೆದು ಬಂದು ಕುರ್ಚಿಗೆ ಕೈಯೊಡ್ಡಿದ. ಮುಟ್ಟಬೇಡ ಎಂದು ಪ್ರಿನ್ಸಿಪಾಲರು ತಲೆ ಅಲ್ಲಾಡಿಸಿದರು. ಒಂದೊಂದೇ ಹೆಜ್ಜೆ ಹೊರಗೆ ಹೋಗೋಣವೆಂದು ಬಾಗಿಲ ಕಡೆ ತಿರುಗಿದರು. ಬಾಗಿಲು ತುಂಬ ಹುಡುಗರು, ಅವರ ಹಿಂದೆ ತಾತ. ಸರಿಯಿರಿ ಎಂದು ಕಣ್ಣಲ್ಲೇ ಗದರಿದರು. ಮೂರನೇ ನಂಬರಿನ ದಪ್ಪ ಹುಡುಗ ಚೌಕಟ್ಟಿಗೆ ಒರಗಿ ಕೈಕಟ್ಟಿಕೊಂಡ. ಬೆಣ್ಣೆ ತನ್ನ ಕಾಲ ಬೆರಳುಗಳನ್ನು ನೋಡುತ್ತಾ ನಿಂತ. ಅವನೂ ಸರಿಯಲಿಲ್ಲ.

ಒದ್ದೆ ಬೂಟು ಜಾರುತ್ತಿತ್ತು. ಪ್ರಿನ್ಸಿಪಾಲರು ಕಾಲು ಅಗಲಿಸಿ ನಿಂತರು. ಹಣೆಯ ಬೆವರು ಮೂಗಿನ ತುದಿಗೆ ಬಂದು ತೂಗಿತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಮರದ ಕುರ್ಚಿ ಎಷ್ಟು ಭಾರ ಎಂದು ನನಗೆ ಗೊತ್ತು. ಮೊದಲು ಮೊಣಕೈ ಸೋಲುತ್ತದೆ, ಆಮೇಲೆ ಭುಜ, ಕೊನೆಗೆ ಸೊಂಟ. ಅವರ ಮೊಣಕೈ ಆಗಲೇ ನಡುಗುತ್ತಿತ್ತು.

ಮಗಳು ಹಾಳೆ ತಿರುವಲು ಕೈ ಚಾಚಿದಾಗ ಒಂದು ಗಳಿಗೆ ನನ್ನ ಕಡೆ ನೋಡಿದಳು. ಬಕೆಟ್ ಬೇಕೇನಮ್ಮಾ ಎಂದು ಕೇಳುವಾಗಿನ ಅದೇ ಮುಖ.

ನಿಧಾನ, ಎಂದು ನಾನು ಕೈಯಲ್ಲೇ ಸನ್ನೆ ಮಾಡಿದೆ.

ಇನ್ನೂ ಐದು ಪುಟ ಇತ್ತು.