ಕುರ್ಚಿ ಹಿಡಿದು ಬನ್ನಿ

ಚಳಿ ಹಿಂದೆ ಸರಿದು, ಬಿಸಿಲು ಇನ್ನೂ ಮೈಮೇಲೆ ಬೀಳದ ಕಾಲ. ಬೆಳಗಿನ ಏಳು ಗಂಟೆ. ನಾಟಕದ ಮನೆಯ ಬಾಗಿಲಿಗೆ ಪುರಸಭೆ ಕಚೇರಿಯವರು ಅಂಟಿಸಿ ಹೋಗಿದ್ದ ಕಾಗದವನ್ನು ಬಡಗಿಯ ಅತ್ತಿಗೆ ಓದಿ ಹೇಳಿದರು. ಬಡಗಿ ಕೈಕಟ್ಟಿ ನಿಂತು ಕೇಳಿದ.

"ಬರೋ ಶನಿವಾರ ಸಾಹೇಬ್ರು ನೋಡೋಕೆ ಬರ್ತಾರಂತೆ. ನೂರು ಗಟ್ಟಿ ಕುರ್ಚಿ, ನೂರು ಜನ ಇರ್ಬೇಕಂತೆ. ಇಲ್ದಿದ್ರೆ ಸೋಮವಾರದಿಂದ ಇದು ಸಿಮೆಂಟ್ ಗೋದಾಮು."

ಪುರಸಭೆಯ ಜಾಗದಲ್ಲಿ ಆ ರಂಗವನ್ನು ಅಣ್ಣನ ಜೊತೆ ಸೇರಿ ಕಟ್ಟಿದಾಗ ಬಡಗಿಗೆ ಇಪ್ಪತ್ತು ವರ್ಷ. ಅಣ್ಣ ಹೋದ ಮೇಲೆ ತಂಡವನ್ನು ಅತ್ತಿಗೆಯೇ ನಡೆಸುತ್ತಿದ್ದರು. ಬಡಗಿ ರಂಗದ ಮೇಲೆ ಒಂದು ಮಾತೂ ಆಡಿದವನಲ್ಲ. ಆದರೆ ಅವನು ಮಾಡಿದ ಒಂದೇ ಸಿಂಹಾಸನದ ಮೇಲೆ ಹದಿನೇಳು ರಾಜರು ಕೂತು ಎದ್ದುಹೋಗಿದ್ದರು.

"ನೂರು ತಾನೇ? ಮಾಡ್ತೀನಿ ಬಿಡಿ ಅತ್ತಿಗೆ," ಎಂದುಬಿಟ್ಟ.

ಮಾತು ಆಡಿದಷ್ಟು ಸುಲಭವಾಗಿರಲಿಲ್ಲ ಕೆಲಸ. ಹಳೆಯ ಕುರ್ಚಿಗಳಿಗೆ ಗೆದ್ದಲು ಹಿಡಿದು, ಮುಟ್ಟಿದರೆ ಹಿಟ್ಟು. ಹಗಲೆಲ್ಲ ಉಳಿ ಹಿಡಿದರೂ ಗುರುವಾರದ ಹೊತ್ತಿಗೆ ಎದ್ದು ನಿಂತವು ಅರವತ್ತೊಂದೇ.

"ಕುರ್ಚಿ ಕಮ್ಮಿಯಾದ್ರೂ ಜನ ಕಮ್ಮಿಯಾಗ್ಬಾರ್ದು," ಎಂದು ಅತ್ತಿಗೆ ಚೀಟಿ ಬರೆದುಕೊಟ್ಟರು. "ಇದನ್ನ ದೊಡ್ಡದಾಗಿ ಬೀದಿ ತಿರುವಿಗೆ ಹಾಕು."

ಚೀಟಿಯಲ್ಲಿ ಇದ್ದದ್ದು ಇಷ್ಟು: ಶನಿವಾರ ಸಂಜೆ ನಾಟಕ. ಕುರ್ಚಿ ಹಿಡಿಯಲು ಬೇಗ ಬನ್ನಿ.

ಬಡಗಿ ಓದಿದ್ದು ಎರಡನೇ ಕ್ಲಾಸು. ಚೀಟಿ ನೋಡಿಕೊಂಡು ಒಂದೊಂದೇ ಅಕ್ಷರವನ್ನು ಮರದಲ್ಲಿ ಕತ್ತರಿಸಿ ಹಲಗೆಗೆ ಜೋಡಿಸಿದ. ಎರಡನೇ ಸಾಲು ಹಲಗೆ ದಾಟಿ ಗೇಣುದ್ದ ಹೊರಗೆ ಬಂತು. ಮೇಜಿನ ಕಾಲು ಉದ್ದವಾದರೆ ಬಡಗಿ ಏನು ಮಾಡುತ್ತಾನೆ? ಕತ್ತರಿಸುತ್ತಾನೆ. 'ಹಿಡಿಯಲು' ಆದರೇನು, 'ಹಿಡಿದು' ಆದರೇನು, ಹಿಡಿಯುವುದು ತಾನೇ ಎಂದುಕೊಂಡು 'ಯಲು' ತೆಗೆದು 'ದು' ಹೊಡೆದ. ಸಾಲು ಅಚ್ಚುಕಟ್ಟಾಗಿ ಕೂತಿತು.

ತಾಲೀಮಿನಲ್ಲಿ ಮುಳುಗಿದ್ದ ಅತ್ತಿಗೆ ಆ ಬೋರ್ಡು ನೋಡಿದ್ದು ಶನಿವಾರ ಮಧ್ಯಾಹ್ನ. ಅಲ್ಲಿಂದಲೇ ಕೂಗಿದರು.

"ಅಯ್ಯೋ ನಿನ್ನ ಗರಗಸಕ್ಕಿಷ್ಟು! ಕುರ್ಚಿ ಹಿಡಿದು ಬೇಗ ಬನ್ನಿ ಅಂತ ಹಾಕಿದೀಯಲ್ಲೋ! ನಾಟಕಕ್ಕೆ ಕರೆದು, ಕೂರೋಕೆ ನೀವೇ ತನ್ನಿ ಅಂದ್ರೆ ಯಾರು ಬರ್ತಾರೆ? ನಕ್ಕೊಂಡು ಮನೇಲೇ ಕೂರ್ತಾರೆ!"

ನಲವತ್ತು ವರ್ಷದ ರಂಗವನ್ನು ಎರಡಕ್ಷರಕ್ಕೆ ಕಳೆದೆನಲ್ಲ! ಬಡಗಿ ಸುತ್ತಿಗೆ ಹಿಡಿದು ಬೋರ್ಡು ಕೀಳಲು ಓಡಿದ. ಮೊದಲನೇ ಮೊಳೆಗೆ ಕೈ ಹಾಕಿದ್ದನಷ್ಟೇ, ತಿರುವಿನಲ್ಲಿ ನಾಲ್ಕು ಕಾಲು ಕಾಣಿಸಿದವು, ಆಕಾಶಕ್ಕೆ ಮುಖ ಮಾಡಿ.

ಇಸ್ತ್ರಿಯವನು ಕುರ್ಚಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಬರುತ್ತಿದ್ದ. ಹಿಂದೆ ಅವನ ಹೆಂಡತಿ, ನಾದಿನಿ, ಅತ್ತೆ, ಒಬ್ಬೊಬ್ಬರದೂ ಒಂದೊಂದು. ಟೀಚರಮ್ಮ ಮೊಮ್ಮಕ್ಕಳ ಕೈಲಿ ಬೆಂಚು ಹೊರಿಸಿದ್ದರು. ಕ್ಷೌರದಂಗಡಿಯವನು ತನ್ನ ತಿರುಗುವ ಕುರ್ಚಿಯನ್ನೇ ತಳ್ಳುಗಾಡಿಯ ಮೇಲೆ ಏರಿಸಿದ್ದ. ಗಾಲಿಕುರ್ಚಿಯ ಅಜ್ಜಿ ಕಣ್ಣು ಮಿಟುಕಿಸಿದರು: "ಎಲ್ರೂ ಕುರ್ಚಿ ಹೊತ್ತು ತಂದ್ರು. ನನ್ನ ಕುರ್ಚಿ ನೋಡಪ್ಪಾ, ನನ್ನನ್ನೇ ಹೊತ್ತು ತಂತು!"

ಬಡಗಿ ಸುತ್ತಿಗೆಯನ್ನು ಸೊಂಟಕ್ಕೆ ಸಿಕ್ಕಿಸಿದ.

ಸಂಜೆ ಸಾಹೇಬರು ಬಂದಾಗ ಒಳಗೆ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಅವರಿಗೆ ಉಳಿದದ್ದು ಕ್ಷೌರದ ಕುರ್ಚಿಯೊಂದೇ. ಒರಗಿದ್ದೇ ತಡ, ಅದು ಹಿಂದಕ್ಕೆ ಮಲಗಿ ಅವರ ಗಲ್ಲ ಸೂರಿಗೆ ಮುಖ ಮಾಡಿತು. "ಗಡ್ಡಾನಾ, ಮೀಸೇನಾ ಸಾರ್?" ಎಂದು ಯಾರೋ ಕೇಳಿದರು. ಜನ ಬಿದ್ದು ಬಿದ್ದು ನಕ್ಕರು.

ಸಾಹೇಬರು ಎದ್ದು ಎಣಿಸಿದರು. ಕುರ್ಚಿ ನೂರ ಹದಿನೆಂಟು, ಜನ ಅದಕ್ಕೂ ಹೆಚ್ಚು. ಆದರೂ ಮುಖ ಗಂಟಿಕ್ಕಿದರು. "ಜನ ಸರಿ. ಆದರೆ ಅರವತ್ತೊಂದು ಬಿಟ್ಟರೆ ಮಿಕ್ಕ ಕುರ್ಚಿಗಳು ಇಲ್ಲಿಯವಲ್ಲವಲ್ಲ? ನಾಟಕ ಮುಗಿದ ಮೇಲೆ ಅವೆಲ್ಲ ಮನೆಗೆ ಹೋಗ್ತವೆ."

ಬಡಗಿ ಅತ್ತಿಗೆಯ ಮುಖ ನೋಡಲಾರದೆ ನೆಲ ನೋಡಿದ.

ಇಸ್ತ್ರಿಯವನ ಅತ್ತೆ ಸೆರಗು ಸಿಕ್ಕಿಸಿ ಎದ್ದರು. "ಯಾರು ಹೇಳಿದ್ದು? ನಂದು ಇಲ್ಲೇ ಇರುತ್ತೆ. ಮುಂದಿನ ನಾಟಕಕ್ಕೆ ಮತ್ತೆ ಹೊತ್ತು ತರೋಕೆ ನನಗೇನು ಕತ್ತು ಎರಡಿದ್ಯಾ?"

"ನಂದೂ ಇರ್ಲಿ!" "ನಮ್ಮ ಬೆಂಚೂ!" ಎಂದು ಒಂದೊಂದೇ ಕೈ ಎದ್ದವು.

"ನಂದು ಮಾತ್ರ ಕೊಟ್ಬಿಡಿ ಸ್ವಾಮಿ," ಎಂದ ಕ್ಷೌರದಂಗಡಿಯವನು. "ನಾಳೆ ಬೆಳಿಗ್ಗೆ ಅರ್ಧ ಊರೇ ಗಡ್ಡ ಬಿಟ್ಕೊಂಡು ನಿಂತಿರುತ್ತೆ. ಬದಲಿಗೆ ಪಾತ್ರದೋರಿಗೆಲ್ಲ ಮೀಸೆ ನನ್ನ ಕಡೆಯಿಂದ!"

"ನನ್ನದನ್ನ ಕೇಳ್ಬೇಡಿ," ಎಂದರು ಗಾಲಿಕುರ್ಚಿಯ ಅಜ್ಜಿ. "ಬೇಕಾದ್ರೆ ನನ್ನನ್ನೂ ಸೇರಿಸಿ ಇಟ್ಕೊಳ್ಳಿ."

ಸಾಹೇಬರ ತುಟಿ ಕೊನೆಗೂ ಸಡಿಲವಾಯಿತು. ಅವೆರಡನ್ನು ಬಿಟ್ಟು ನೂರ ಹದಿನಾರು ಎಂದು ಬರೆದು ರುಜು ಹಾಕಿದರು. ಹೊರಡಲಿಲ್ಲ, ಅದೇ ಕುರ್ಚಿಯಲ್ಲಿ ಜೋಪಾನವಾಗಿ, ಬೆನ್ನು ತಾಗಿಸದೆ, ನಾಟಕ ಮುಗಿಯುವವರೆಗೂ ಕೂತರು.

ಕೊನೆಗೆ ಅತ್ತಿಗೆ ಬಡಗಿಯ ಕೈ ಹಿಡಿದು ರಂಗದ ಮೇಲಕ್ಕೆ ಎಳೆದರು. "ಇವತ್ತಿನ ನಾಟಕಕ್ಕೆ ಮಾತು ಬರೆದೋನು ಇವನು! ಎರಡಕ್ಷರ ಕತ್ತರಿಸಿದ, ಊರನ್ನೇ ಕರೆತಂದ." ಚಪ್ಪಾಳೆಗೆ ಸೂರಿನ ಧೂಳು ಉದುರಿತು. ಬಡಗಿ ಹೋಗಿ ತನ್ನ ಸಿಂಹಾಸನದ ಮೇಲೆ ಕೂತುಬಿಟ್ಟ, ಹದಿನೆಂಟನೆಯವನಾಗಿ.

ಭಾನುವಾರ ಬೆಳಿಗ್ಗೆ ಕ್ಷೌರದ ಕುರ್ಚಿ ತಳ್ಳುಗಾಡಿ ಏರಿ ಹೋಯಿತು. ಸೋಮವಾರ ಸಿಮೆಂಟಿನ ವ್ಯಾಪಾರಿ ಬಂದ, ಬೋರ್ಡನ್ನು ಎರಡೆರಡು ಸಲ ಓದಿದ, ಒಳಗೆ ತುಂಬಿದ್ದ ಕುರ್ಚಿಗಳನ್ನು ನೋಡಿ ಅಳತೆಯ ಟೇಪನ್ನು ಜೇಬಿಗಿಳಿಸಿ ಹೊರಟುಹೋದ.