ಎಲ್ಲರ ಅಂಚೆ ಒಂದೇ ಕಡೆ

ಲಿಫ್ಟುಗಳನ್ನು ದುರಸ್ತಿ ಮಾಡುವ ಆ ಕಂಪನಿಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದವಳು ಅವಳೊಬ್ಬಳೇ. ಸರ್ವರ್ ಇಟ್ಟ ಕೋಣೆಯ ಬೀಗದಕೈ ಅವಳ ಬಳಿಯೇ ಇರುತ್ತಿದ್ದುದರಿಂದ ಮೆಕ್ಯಾನಿಕ್ಕುಗಳು ಅವಳನ್ನು ಸರ್ವರಮ್ಮ ಎಂದು ಕರೆಯುತ್ತಿದ್ದರು. ಸರ್ವರಿಗೂ ಅಮ್ಮ ಅಂತ ತಿಳ್ಕೋಮ್ಮ, ಬೇಜಾರು ಮಾಡ್ಕೋಬೇಡ ಎಂದು ಯಜಮಾನರು ನಗುತ್ತಿದ್ದರು. ಅಮ್ಮಂದಿರಿಗೆ ಸಿಗುವುದೇ ಅವಳಿಗೂ ಸಿಗುತ್ತಿತ್ತು: ಏನಾದರೂ ಕೆಟ್ಟರೆ ಕೂಗು, ಎಲ್ಲ ಸರಿಯಿದ್ದರೆ ಮರೆವು.

ಆ ವರ್ಷ ಒಂದು ವಸತಿ ಕಟ್ಟಡದ ಲಿಫ್ಟು ಎರಡು ಅಂತಸ್ತಿನ ನಡುವೆ ನಿಂತುಬಿಟ್ಟಿತು. ಒಳಗೆ ಒಬ್ಬ ಅಜ್ಜಿ, ಅವರ ಮೊಮ್ಮಗಳು. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಕಟ್ಟಡದ ಕಾರ್ಯದರ್ಶಿ ಬಂದು ಮೇಜು ಗುದ್ದಿದ. ಹಗ್ಗ ಸದ್ದು ಮಾಡುತ್ತಿದೆ ಎಂದು ನಾವು ಮೊದಲೇ ಮೇಲ್ ಕಳಿಸಿದ್ದೆವು, ನೀವು ಕಿವಿಗೆ ಹಾಕಿಕೊಳ್ಳಲಿಲ್ಲ ಎಂದ. ಬಂದಿಲ್ಲ ಎಂದರು ಯಜಮಾನರು. ಬಂದಿದೆಯೋ ಇಲ್ಲವೋ ನೋಡೋಣವೆಂದರೆ ಒಬ್ಬೊಬ್ಬರ ಮೇಲ್ ಒಬ್ಬೊಬ್ಬರ ಕಂಪ್ಯೂಟರಿನಲ್ಲಿ. ಕೆಲಸ ಬಿಟ್ಟು ಹೋದವರದ್ದು ಉಗ್ರಾಣದ ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು.

"ನಮ್ಮ ಮನೆ ಮಾತು ನಮಗೇ ಗೊತ್ತಿಲ್ಲ ಅಂದ್ರೆ ಹೇಗಮ್ಮ?" ಎಂದರು ಯಜಮಾನರು. "ಎಲ್ಲರದ್ದೂ ಒಂದೇ ಕಡೆ ತಂದು ಹಾಕು. ಹುಡುಕಿದ್ರೆ ಸಿಗೋ ಹಾಗಿರಬೇಕು."

ಹೇಳುವುದು ಸುಲಭ. ಬ್ರೌಸರಿನಲ್ಲೇ ತೆರೆದುಕೊಳ್ಳುವ ಒಂದು ಪುಕ್ಕಟೆ ತಂತ್ರಾಂಶವನ್ನು ಅವಳು ಆರಿಸಿಕೊಂಡಳು. ಇಳಿಸಿಕೊಂಡು ನೋಡಿದರೆ ಅದು ಬರೀ ಚೌಕಟ್ಟು; ಬಾಗಿಲು ಕಿಟಕಿ ಎಲ್ಲವನ್ನೂ ನಾವೇ ತಂದು ಕೂರಿಸಬೇಕು. ಆ ಬಾಗಿಲು ಕಿಟಕಿಗಳಿಗೆ ಪ್ಲಗಿನ್ ಎಂದು ಹೆಸರು. ಹಳೆಯ ಕಂಪ್ಯೂಟರುಗಳಿಂದ ಮೇಲ್ ಎಳೆದು ತರುವುದಕ್ಕೆ ಒಂದು, ಮೇಲಿನ ಜೊತೆ ಬಂದ ಫೈಲುಗಳನ್ನು ಓದುವುದಕ್ಕೆ ಇನ್ನೊಂದು, ಪದ ಕೊಟ್ಟರೆ ಹುಡುಕುವುದಕ್ಕೆ ಮತ್ತೊಂದು, ಯಾರ ಮೇಲನ್ನು ಯಾರು ನೋಡಬಹುದು ಎಂದು ಕಾಯುವುದಕ್ಕೆ ಬೇರೆಯದೇ ಒಂದು. ಒಂದೊಂದನ್ನೂ ಎಲ್ಲೆಲ್ಲೋ ಕೂತ ಒಬ್ಬೊಬ್ಬರು ಬರೆದದ್ದು. ಓದುವ ಪ್ಲಗಿನ್ನಿಗೂ ಹುಡುಕುವ ಪ್ಲಗಿನ್ನಿಗೂ ಎಣ್ಣೆ ಸೀಗೆಕಾಯಿ. ಇದನ್ನು ಹೊಸದು ಮಾಡಿದರೆ ಅದು ಮುನಿಸಿಕೊಳ್ಳುತ್ತಿತ್ತು, ಅದನ್ನು ಸಮಾಧಾನ ಮಾಡಿದರೆ ಇದು ಬಾಯಿ ಮುಚ್ಚಿಕೊಳ್ಳುತ್ತಿತ್ತು. ಉಗ್ರಾಣದ ಕಂಪ್ಯೂಟರುಗಳನ್ನು ಒಂದೊಂದಾಗಿ ಹೊತ್ತು ತಂದು ಅವಳ ಸೊಂಟ ಬಿದ್ದುಹೋಯಿತು.

ಅವಳ ಗಂಡ ಆಸ್ಪತ್ರೆಯಲ್ಲಿ ನರ್ಸ್. ಅವನು ಪಾಳಿಗೆ ಹೊರಡುವ ಹೊತ್ತಿಗೆ ಇವಳು ಮನೆಗೆ ಬರುತ್ತಿದ್ದಳು. ಬಾಗಿಲಲ್ಲೇ ಒಬ್ಬರ ಚೀಲ ಇಳಿದು ಇನ್ನೊಬ್ಬರ ಚೀಲ ಹೆಗಲೇರುತ್ತಿತ್ತು. ಆಯ್ತಾ ಎಂದು ಅವನು ಕೇಳುವುದು, ಎಲ್ಲಿ ಆಗುತ್ತೆ ಎಂದು ಇವಳು ಹೇಳುವುದು. ಸಂಸಾರದ ಮಾತು ಅಷ್ಟಕ್ಕೇ ಮುಗಿಯುತ್ತಿತ್ತು.

ಕೊನೆಗೆ ಎಲ್ಲ ಕೂತವು, ಕಾಯುವ ಪ್ಲಗಿನ್ ಒಂದನ್ನು ಬಿಟ್ಟು. ಅದನ್ನು ಬರೆದವನು ಅರ್ಧಕ್ಕೆ ಕೈಬಿಟ್ಟಿದ್ದ. ಹೊಸ ಚೌಕಟ್ಟಿಗೆ ಅದು ಹೊಂದುತ್ತಿರಲಿಲ್ಲ. ಅದಿಲ್ಲದೆ ತೆರೆದರೆ ಎಲ್ಲರಿಗೂ ಎಲ್ಲರದ್ದೂ ಕಾಣುತ್ತೆ, ಸ್ವಲ್ಪ ತಡೆಯಿರಿ ಎಂದು ಅವಳು ಯಜಮಾನರಿಗೆ ಹೇಳಿದಳು. ಅವರು ಕೈ ಬೀಸಿದರು. ನಾವೆಲ್ಲ ಒಂದೇ ಮನೆಯವರು, ಮುಚ್ಚುಮರೆ ಏನಿದೆ ಎಂದರು. ಇನ್ನೊಂದು ಸಲ ಹೇಳಬೇಕು ಎಂದು ಅವಳ ಬಾಯಿಗೆ ಬಂದಿತ್ತು. ಆದರೆ ದಣಿದಿದ್ದಳು. ದಣಿದವರು ಒಂದೇ ಸಲ ಹೇಳುತ್ತಾರೆ.

ತೆರೆಯುವ ಮುನ್ನ ಪರೀಕ್ಷೆಗೆಂದು ಹುಡುಕುವ ಜಾಗದಲ್ಲಿ ತನ್ನ ಹೆಸರನ್ನೇ ಹೊಡೆದು ನೋಡಿದಳು. ಇಷ್ಟು ವರ್ಷದ ಮೇಲುಗಳಲ್ಲಿ ಅವಳ ಬಗ್ಗೆ ಬೈಗುಳವೂ ಇಲ್ಲ, ಹೊಗಳಿಕೆಯೂ ಇಲ್ಲ. ಪ್ರಿಂಟರ್ ಕೆಟ್ಟಿದೆ, ಅವಳಿಗೆ ಹೇಳಿ. ಅಷ್ಟೇ, ಪುಟಗಟ್ಟಲೆ. ಎದ್ದು ಮುಖ ತೊಳೆದುಕೊಂಡು ಬಂದಳು.

ಮರುದಿನ ಬೆಳಗ್ಗೆ ಕಾರ್ಯದರ್ಶಿಯ ಮೇಲ್ ಕಣ್ಣು ಮಿಟುಕಿಸುವಷ್ಟರಲ್ಲಿ ಸಿಕ್ಕಿತು. ಬಂದಿತ್ತು, ಕೆಲಸ ಬಿಟ್ಟವನೊಬ್ಬನ ಪೆಟ್ಟಿಗೆಯಲ್ಲಿ ಓದದೆ ಬಿದ್ದಿತ್ತು. ಯಜಮಾನರು ಫೋನು ಮಾಡಿ ತಪ್ಪೊಪ್ಪಿಕೊಂಡರು, ಅಂದೇ ಹೊಸ ಹಗ್ಗ ಹೋಯಿತು. ಎಲ್ಲರೂ ಸರ್ವರಮ್ಮನ ಬೆನ್ನು ತಟ್ಟಿದರು.

ಮಧ್ಯಾಹ್ನದ ಹೊತ್ತಿಗೆ ಆಫೀಸು ಗಪ್‌ಚಿಪ್. ಒಬ್ಬೊಬ್ಬರೂ ಪರದೆಗೆ ಮೂಗು ತಾಗಿಸಿ ಕೂತಿದ್ದರು. ಏನು ಹುಡುಕುತ್ತಿದ್ದಾರೆಂದು ಅವಳು ಕೇಳಬೇಕಾಗಿರಲಿಲ್ಲ. ತಾನು ಹುಡುಕಿದ್ದನ್ನೇ ಎಲ್ಲರೂ ಹುಡುಕುತ್ತಿದ್ದರು: ತಂತಮ್ಮ ಹೆಸರು.

ಹಿರಿಯ ಮೆಕ್ಯಾನಿಕ್ಕನ್ನು ಎಲ್ಲರೂ ದೊಡ್ಡಣ್ಣ ಎನ್ನುತ್ತಿದ್ದರು. ಯಾವ ಮೆಕ್ಯಾನಿಕ್ಕು ಯಾವ ಕಟ್ಟಡಕ್ಕೆ ಹೋಗಬೇಕೆಂದು ಹಂಚಿಕೊಡುತ್ತಿದ್ದವಳು ಫೋನಿನ ಬಳಿ ಕೂರುವ ಹೆಂಗಸು, ಫೋನಕ್ಕ. ಇಬ್ಬರೂ ಎಷ್ಟೋ ವರ್ಷದಿಂದ ಒಂದೇ ಮೇಜಿನಲ್ಲಿ ಡಬ್ಬಿ ಬಿಚ್ಚುತ್ತಿದ್ದರು, ಒಂದೇ ಮನೆಯ ಅಣ್ಣ ತಂಗಿಯರ ಹಾಗೆ. ಆ ದಿನ ದೊಡ್ಡಣ್ಣನಿಗೆ ಸಿಕ್ಕಿದ್ದು ಫೋನಕ್ಕ ಯಜಮಾನರಿಗೆ ಎಂದೋ ಬರೆದ ಮೇಲ್. ದೊಡ್ಡಣ್ಣನಿಗೆ ಕಿವಿ ಮಂದವಾಗಿದೆ, ಕೆಳಗಿನಿಂದ ಕೂಗಿದ್ದು ಮೇಲಿದ್ದವರಿಗೆ ಕೇಳದಿದ್ದರೆ ಅಪಾಯ, ಒಬ್ಬರನ್ನೇ ಕಳಿಸಬೇಡಿ, ಆದರೆ ನಾನು ಹೇಳಿದೆ ಎಂದು ತಿಳಿಯುವುದು ಬೇಡ. ತಮ್ಮ ಜೊತೆ ಬರುವ ಹುಡುಗರೆಲ್ಲ ಕೆಲಸ ಕಲಿಯಲು ಬರುತ್ತಾರೆ ಎಂದುಕೊಂಡಿದ್ದವರು ದೊಡ್ಡಣ್ಣ. ಡಬ್ಬಿಯನ್ನು ಬಿಚ್ಚದೆ ಚೀಲಕ್ಕೆ ಹಾಕಿಕೊಂಡು ಹೊರಟುಹೋದರು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ.

ಫೋನಕ್ಕ ಸರ್ವರ್ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. ಬೈಯಲು ಬಂದವಳು ಅಳತೊಡಗಿದಳು. "ಅವರು ಬೀಳಬಾರದು ಅಂತ ಬರೆದೆ ಕಣೇ. ಮುಖಕ್ಕೆ ಹೇಳೋ ಧೈರ್ಯ ಇರ್ಲಿಲ್ಲ."

ಸರ್ವರಮ್ಮ ಯಾರನ್ನೂ ಕೇಳದೆ ಹುಡುಕುವ ಪ್ಲಗಿನ್ನನ್ನು ನಿಲ್ಲಿಸಿಬಿಟ್ಟಳು. ಯಜಮಾನರು ರೇಗಿದರು. ಇಷ್ಟು ದಿನ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತಾ ಎಂದರು. ಎಲ್ಲರೂ ಒಂದೇ ಮನೆಯವರಿರಬಹುದು, ಆದರೂ ಸ್ನಾನದ ಕೋಣೆಗೆ ಬಾಗಿಲು ಇಡ್ತೀವಲ್ಲ ಸಾರ್ ಎಂದಳು ಅವಳು, ಧ್ವನಿ ಏರಿಸದೆ.

ಆ ಸಂಜೆ ಬಾಗಿಲಲ್ಲಿ ಗಂಡನ ಚೀಲ ಹೆಗಲೇರಿದ ಮೇಲೂ ಅವಳು ಮಾತು ನಿಲ್ಲಿಸಲಿಲ್ಲ. ಅವನು ಮತ್ತೆ ಚಪ್ಪಲಿ ಬಿಟ್ಟು ಪಕ್ಕದಲ್ಲಿ ಕೂತ. ಕಿವಿ ಕೇಳದಿರೋದು ಅವರಿಗೆ ಮೊದಲೇ ಗೊತ್ತಿರುತ್ತೆ, ಬೇರೆಯವರಿಗೂ ಗೊತ್ತು ಅನ್ನೋದೇ ಅವರಿಗೆ ಹೊಸದು ಎಂದ. ಪಾಳಿಗೆ ತಡವಾಗಿ ಹೋದ.

ಮರುದಿನ ಅವಳು ಫೋನಕ್ಕನನ್ನು ಕರೆದುಕೊಂಡು ದೊಡ್ಡಣ್ಣನ ಮನೆಗೆ ಹೋದಳು. ಅವರು ಜಗಲಿಯಲ್ಲಿ ಒಂದು ಹಳೆಯ ಮೋಟರು ಬಿಚ್ಚಿಕೊಂಡು ಕೂತಿದ್ದರು. ತಪ್ಪು ನನ್ನದು, ಬಾಗಿಲಿಲ್ಲದ ಮನೆ ಕಟ್ಟಿಬಿಟ್ಟೆ ಎಂದಳು ಸರ್ವರಮ್ಮ. ಅವರು ತಲೆ ಎತ್ತಲಿಲ್ಲ. ಫೋನಕ್ಕ ಮೆಟ್ಟಿಲ ಮೇಲೆ ಕೂತು, ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ, ಬರೆದದ್ದನ್ನೇ ಬಾಯಿಬಿಟ್ಟು ಹೇಳಿದಳು.

"ಅಣ್ಣ, ನಿಮಗೆ ಕಿವಿ ಸರಿಯಾಗಿ ಕೇಳಲ್ಲ. ನಂಗೆ ಭಯ ಆಗುತ್ತೆ."

ದೊಡ್ಡಣ್ಣ ಕೈಯಲ್ಲಿದ್ದ ನಟ್ಟನ್ನು ಬಟ್ಟೆಯಲ್ಲಿ ಒರೆಸುತ್ತಲೇ ಇದ್ದರು.

"ಅದನ್ನ ಆವಾಗಲೇ ಹೇಳಬೇಕಿತ್ತು," ಎಂದರು. "ಬರೆದದ್ದು ಸುಳ್ಳಲ್ಲ. ಆದರೆ ಇಷ್ಟು ವರ್ಷ ನೀನು ನನ್ನ ಎದುರಿಗೆ ಕೂತು ಊಟ ಮಾಡಿದೆಯಲ್ಲ, ಅದು ಗಂಟಲಲ್ಲಿ ಇಳೀತಾ ಇಲ್ಲ."

ಒಳಗಿನಿಂದ ಅವರ ಹೆಂಡತಿ ನೀರು ತಂದು ಕೊಟ್ಟರು. ಇಬ್ಬರೂ ಅದನ್ನು ಕುಡಿದು ಹೊರಟು ಬಂದರು.

ಸರ್ವರಮ್ಮ ಚೌಕಟ್ಟನ್ನೇ ಹಿಂದಿನ ಆವೃತ್ತಿಗೆ ಇಳಿಸಿದಳು. ಕಾಯುವ ಪ್ಲಗಿನ್ ಅದಕ್ಕೆ ಸರಿಯಾಗಿ ಕೂತಿತು. ಫೈಲು ಓದುವ ಪ್ಲಗಿನ್ ಮಾತ್ರ ಹಳೆಯದಕ್ಕೆ ಹೊಂದದೆ ಕೈಬಿಟ್ಟುಹೋಯಿತು. ಎಳೆದು ತಂದದ್ದನ್ನೆಲ್ಲ ಮತ್ತೆ ಮೊದಲಿನಿಂದ ಎಳೆಯಬೇಕಾಯಿತು. ಈಗ ಹುಡುಕಿದರೆ ಒಬ್ಬೊಬ್ಬರಿಗೂ ತಾವು ಬರೆದದ್ದು, ತಮಗೆ ಬಂದದ್ದು ಮಾತ್ರ ಕಾಣುತ್ತಿತ್ತು. ಗಿರಾಕಿಗಳು ಬರೆದದ್ದು ಎಲ್ಲರಿಗೂ. ಒಮ್ಮೆ ಕಂಡದ್ದನ್ನು ಕಾಣದ ಹಾಗೆ ಮಾಡುವ ಪ್ಲಗಿನ್ನನ್ನು ಯಾರೂ ಬರೆದಿರಲಿಲ್ಲ. ಆ ದಿನ ಒಬ್ಬರ ಮೇಲ್ ಇನ್ನೊಬ್ಬರು ಓದಿಬಿಟ್ಟಿದ್ದ ಲೆಕ್ಕದ ಕೋಣೆಯ ಇಬ್ಬರು ಈಗಲೂ ಬೇರೆ ಬೇರೆ ಬಾಗಿಲಿನಿಂದ ಓಡಾಡುತ್ತಿದ್ದರು.

ಮುಂದಿನ ವಾರ ದೊಡ್ಡಣ್ಣ ಕೆಲಸಕ್ಕೆ ಬಂದರು. ಊಟಕ್ಕೆ ಮೇಜಿನ ಇನ್ನೊಂದು ತುದಿಯಲ್ಲಿ ಕೂತರು. ಫೋನಕ್ಕ ದಿನವೂ ಅವರ ಎದುರಿನ ಖಾಲಿ ಕುರ್ಚಿಯನ್ನು ನೋಡಿ, ತನ್ನ ಜಾಗದಲ್ಲೇ ಡಬ್ಬಿ ಬಿಚ್ಚುತ್ತಿದ್ದಳು. ಹೀಗೇ ಎಷ್ಟೋ ದಿನ ಹೋಯಿತು. ಸರ್ವರಮ್ಮ ಆ ಮೇಜಿನ ಕಡೆ ನೋಡಲೂ ಬೇಸರವಾಗಿ ಸರ್ವರ್ ಕೋಣೆಯೊಳಗೇ ಊಟ ಮಾಡುತ್ತಿದ್ದಳು.

ಒಂದು ಬೆಳಗ್ಗೆ ಅವಳು ಫೋನಿನ ತಂತಿ ಸರಿಮಾಡಲು ಫೋನಕ್ಕನ ಮೇಜಿನ ಕೆಳಗೆ ಬಗ್ಗಿದ್ದಾಗ ದೊಡ್ಡಣ್ಣ ಅಂದಿನ ವಿಳಾಸ ಕೇಳಲು ಬಂದರು. ಫೋನಕ್ಕ ಹೇಳಿದಳು. ಮೊದಲಾಗಿದ್ದರೆ ಕೇಳಿದವರಂತೆ ತಲೆಯಾಡಿಸಿ ಹೋಗಿ, ಹೊರಗೆ ಹುಡುಗರ ಬಳಿ ವಿಚಾರಿಸಿಕೊಳ್ಳುತ್ತಿದ್ದರು. ಇಂದು ನಿಂತರು.

"ಇನ್ನೊಂದ್ಸಲ ಹೇಳಮ್ಮ," ಎಂದರು. "ಕೇಳಿಸ್ಲಿಲ್ಲ."

ಫೋನಕ್ಕ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದಳು. ಸರ್ವರಮ್ಮ ಅವರು ಹೋಗುವ ತನಕ ಮೇಜಿನ ಕೆಳಗೇ ಕೂತಿದ್ದಳು, ತಂತಿ ಆಗಲೇ ಸರಿಯಾಗಿದ್ದರೂ.