ಅಲುಗಾಡದ ಗೆರೆ

ಕರೆಂಟು ಹೋದಾಗ ಮನೆ ನಡೆಸುವ ಯುಪಿಎಸ್‌ಗೆ ನನ್ನ ಮಗ ಒಂದು ಮೀಟರು ಜೋಡಿಸಿದ. ಬ್ಯಾಟರಿಯಿಂದ ಎಷ್ಟು ವಿದ್ಯುತ್ ಹೋಗುತ್ತಿದೆ ಎಂಬುದು ಅವನ ಫೋನಿನಲ್ಲಿ ಗೆರೆಯಾಗಿ ಮೂಡುತ್ತಿತ್ತು. ಅವತ್ತಿನಿಂದ ನಮಗೆ ಜೋರಾಗಿ ಉಸಿರಾಡಲೂ ಭಯ. ಒಂದು ದೀಪ ಮರೆತರೂ ಆಫೀಸಿನಿಂದ ಫೋನು: "ಅಮ್ಮಾ, ಗೆರೆ ಮೇಲೆ ಹೋಯ್ತು. ಯಾರದು?"

ಸೊಸೆಯ ಹೊಲಿಗೆ ಯಂತ್ರಕ್ಕಂತೂ ಯುಪಿಎಸ್ ಪೂರ್ತಿ ನಿಷೇಧ. ಒಮ್ಮೆ ಅದು ಬ್ಯಾಟರಿಯನ್ನೆಲ್ಲ ಕುಡಿದು ಇವನ ಕಂಪ್ಯೂಟರನ್ನು ಮಲಗಿಸಿತ್ತಂತೆ.

ಒಂದು ದಿನ ಕಂಬದ ರಿಪೇರಿ ಎಂದು ಬೆಳಿಗ್ಗೆಯಿಂದ ಸಂಜೆಯವರೆಗೆ ಕರೆಂಟು ತೆಗೆದರು. ಸೊಸೆಯ ಮುಂದೆ ನಾಟಕ ತಂಡದ ಅಂಗಿಗಳು ಅರ್ಧಕ್ಕೆ ನಿಂತಿದ್ದವು. ಒಯ್ಯಲು ಸಂಜೆಗೇ ಬರುತ್ತಾರೆ. ಕೊಡದಿದ್ದರೆ ಅವರ ಮುಂದಿನ ಕೆಲಸವೆಲ್ಲ ಎದುರು ಬೀದಿಯ ದರ್ಜಿಯ ಪಾಲು.

"ಅತ್ತೆ, ಪೆಡಲು ಒತ್ತಿದ ತಕ್ಷಣ ಇವರ ಗೆರೆ ಜಿಗಿಯುತ್ತೆ," ಎಂದು ಅಳುಮೋರೆ ಹಾಕಿದಳು.

"ಜಿಗಿಯದ ಹಾಗೆ ನೋಡ್ಕೊಂಡ್ರಾಯ್ತು," ಎಂದೆ. ಅವಳ ಯಂತ್ರ ತಿನ್ನುವ ಕರೆಂಟೂ ನಡುಮನೆಯ ಮುದಿ ಫ್ಯಾನು ತಿನ್ನುವುದೂ ಹೆಚ್ಚುಕಡಿಮೆ ಒಂದೇ ಎಂದು ಊಟದ ಹೊತ್ತಿನಲ್ಲಿ ನಮಗೆ ಪಾಠ ಹೇಳಿದವನು ಮಗನೇ ತಾನೆ!

ಸ್ವಿಚ್ಚಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಅವಳು "ಹೂಂ" ಎಂದು ಪೆಡಲು ಒತ್ತಿದರೆ ನಾನು ಫ್ಯಾನು ಆರಿಸಬೇಕು; "ಸಾಕು" ಎಂದರೆ ಹಾಕಬೇಕು. ಮಿಕ್ಕ ಯಾವ ಸ್ವಿಚ್ಚನ್ನೂ ಯಾರೂ ಮುಟ್ಟುವಂತಿಲ್ಲ. ಹೂಂ, ಸಾಕು, ಹೂಂ, ಸಾಕು. ಇಬ್ಬರೂ ಬೆವರಿ ತೊಪ್ಪೆಯಾದೆವು.

ಇನ್ನೇನು ಮುಗಿಯಿತು ಎನ್ನುವಾಗ ನಮ್ಮ ಯಜಮಾನರು ಸ್ನಾನಕ್ಕೆ ಹೋದರು. ಬಚ್ಚಲಿಗೆ ಕಿಟಕಿಯಿಲ್ಲ.

"ದೀಪ ಹಾಕೇ! ಸೋಪು ಕಾಣಿಸ್ತಿಲ್ಲ!"

"ತಡಕಾಡಿ ನೋಡಿ. ದೀಪ ಹಾಕಿದ್ರೆ ಗೆರೆ ಎದ್ದುಬಿಡುತ್ತೆ."

"ಗೆರೆ ಏಳುತ್ತೋ ಬಿಡುತ್ತೋ, ನಾನು ಬಿದ್ರೆ ಏಳಲ್ಲ!"

ಅಷ್ಟರಲ್ಲಿ ಬಾಗಿಲು ತೆರೆಯಿತು. ಮಗ, ಅವನ ಹಿಂದೆ ಎಲೆಕ್ಟ್ರಿಷಿಯನ್.

"ಮೀಟರು ಕೆಟ್ಟಿದೆ ಕಣಮ್ಮಾ. ಬೆಳಿಗ್ಗೆಯಿಂದ ಸ್ಕೇಲು ಇಟ್ಟು ಎಳೆದ ಹಾಗಿದೆ ಗೆರೆ. ನಮ್ಮನೇಲಿ ಇಷ್ಟು ಶಿಸ್ತು ಎಲ್ಲಿಂದ..." ಎನ್ನುತ್ತಾ ಬಂದವನು ಅಲ್ಲೇ ನಿಂತ. ಯಂತ್ರವನ್ನು ನೋಡಿದ, ನಿಂತ ಫ್ಯಾನನ್ನು ನೋಡಿದ, ಸ್ವಿಚ್ಚಿನ ಮೇಲಿದ್ದ ನನ್ನ ಬೆರಳನ್ನು ನೋಡಿದ.

ಎಲೆಕ್ಟ್ರಿಷಿಯನ್ ಫೋನು ಇಸಿದುಕೊಂಡು ನೋಡಿ ಗೊಳ್ಳೆಂದು ನಕ್ಕ. "ಮೀಟರು ಸರಿಯಾಗೇ ಇದೆ ಸಾರ್. ಬ್ಯಾಟರೀನೂ ಅರ್ಧಕ್ಕಿಂತ ಮೇಲಿದೆ."

ಮಗ ಬಾಯಿ ತೆರೆದ. ಸೊಸೆ ತಲೆಯೆತ್ತಲೇ ಇಲ್ಲ. "ರೀ, ಒಂದು ತೋಳು ಬಾಕಿ ಇದೆ. ಬೈಯೋದಿದ್ರೆ ಆಮೇಲೆ ಬೈಯಿರಿ. ಈಗ ಸಾಕು, ಅತ್ತೆ."

ಫ್ಯಾನು ಹಾಕಿದೆ. ಅವಳು ಬಟ್ಟೆ ತಿರುಗಿಸಿಕೊಂಡು ಮತ್ತೆ "ಹೂಂ" ಎಂದಳು. ಮಗನ ಮುಖ ನೋಡುತ್ತಾ ನಾನು ಫ್ಯಾನು ಆರಿಸುವುದನ್ನೇ ಮರೆತೆ. ಫೋನಿನಲ್ಲಿ ಗೆರೆ ಟಣ್ಣನೆ ನೆಗೆಯಿತು.

"ಅಯ್ಯೋ, ಕೆಡಿಸಿಬಿಟ್ಟೆಯಲ್ಲಮ್ಮಾ! ಏಳು, ಏಳು!" ನನ್ನನ್ನು ಎಬ್ಬಿಸಿ ತಾನೇ ಕೂತು, ಫ್ಯಾನು ಆರಿಸಿ, ಫೋನನ್ನು ತೊಡೆಯ ಮೇಲಿಟ್ಟುಕೊಂಡ. "ಹೂಂ, ಹೊಲಿ. ನಿಲ್ಲಿಸೋಕೆ ಮುಂಚೆ ಹೇಳ್ಬೇಕು, ತಿಳೀತಾ?"

ನಾಟಕದವರು ಬಂದು ಗೇಟು ಬಡಿಯುವಾಗ ತೋಳಿಗೆ ಕೊನೆಯ ಹೊಲಿಗೆ ಬೀಳುತ್ತಿತ್ತು.

"ಈಗಲಾದ್ರೂ ದೀಪ ಹಾಕ್ತೀರಾ?" ಬಚ್ಚಲಿನಿಂದ ಕೂಗು ಬಂತು.

"ಸ್ವಲ್ಪ ತಡ್ಕೊಳ್ಳಿ ಅಪ್ಪಾ," ಎಂದ ಮಗ, ಫೋನಿನಿಂದ ಕಣ್ಣು ಕೀಳದೆ. "ಗೆರೆ ಚೆನ್ನಾಗಿ ಬರ್ತಿದೆ!"